ಎರಡು ನಕ್ಷತ್ರದ ಮೇಲಿನ ಆಣೆ

ಬಹೀಜಾಳ ಮದುವೆ ಮುರಿದದ್ದು ರೇಡಿಯೊದಲ್ಲಿ. ಅವಳು ಅಲೆಪ್ಪೊದ ತನ್ನ ಅಡುಗೆಮನೆಯಲ್ಲಿ ಕೂತು, ಅಕ್ಕಿ ತುಂಬಲು ಬದನೆಕಾಯಿಯ ತಿರುಳು ಕೊರೆಯುತ್ತಿದ್ದಳು. ಅತ್ತ ಡಮಾಸ್ಕಸ್‌ನಲ್ಲಿ, ಅವಳ ಮುಖ ನೋಡದ, ಅವಳ ಹೆಸರು ಕೇಳದ ಕೆಲವು ಮಿಲಿಟರಿ ಅಧಿಕಾರಿಗಳು ಒಂದು ಹಾಳೆ ಬರೆದು ಓದಿಸಿದರು. ಇತ್ತ ಇವಳ ಸಂಸಾರ ಹೋಯಿತು.

ಹೇಗೆ ಎಂದು ಕೇಳಿದರೆ ಮೂರೂವರೆ ವರ್ಷ ಹಿಂದಿನ ಆ ಹಾಳು ಕಾಫಿ ಅಂಗಡಿಗೆ ಹೋಗಬೇಕು. 1958ರಲ್ಲಿ ಸಿರಿಯಾ ಮತ್ತು ಈಜಿಪ್ಟ್ ಎರಡೂ ಸೇರಿ ಒಂದೇ ದೇಶವಾದ ವಾರ ಅದು. ಗಡ್ಡ ನರೆತ ಗಂಡಸರು ಬೀದಿಯಲ್ಲಿ ನಿಂತು ಮಕ್ಕಳ ಹಾಗೆ ಅತ್ತರು. ಬ್ರಿಟಿಷರು, ಫ್ರೆಂಚರು ಅಡ್ಡಗೆರೆ ಎಳೆದು ಹಂಚಿಕೊಂಡಿದ್ದ ನೆಲ ಮತ್ತೆ ಒಂದಾಗುತ್ತದೆ, ಇವತ್ತು ಎರಡು ದೇಶ, ನಾಳೆ ಇರಾಕ್, ನಾಡಿದ್ದು ಎಲ್ಲ ಅರಬರು ಎಂದು ನಂಬಿದರು. ಸುಮ್ಮನೆ ನಂಬಲಿಲ್ಲ, ಹೊಟ್ಟೆಯ ಒಳಗಿನಿಂದ ನಂಬಿದರು. ಬಹೀಜಾಳ ಗಂಡ ಸುಬ್ಹಿ ಹತ್ತಿ ಎಕ್ಕಿ ಗಾದಿ ಹೊಲಿಯುವವನು. ಬಾಬ್ ನೈರಬ್ ಕೇರಿಯಲ್ಲಿ ಅವನ ಗಾದಿಯಿಲ್ಲದೆ ಮದುವೆ ಆಗುತ್ತಿರಲಿಲ್ಲ. ಆ ವಾರ ಅವನು ಯಾರದೋ ಮದುಮಗಳ ಗಾದಿಗೆಂದು ತಂದಿಟ್ಟಿದ್ದ ಕೆಂಪು ಸ್ಯಾಟಿನ್ ಕತ್ತರಿಸಿ ಬಾವುಟ ಹೊಲಿದ. ಕೆಂಪು, ಬಿಳಿ, ಕಪ್ಪು; ನಡುವೆ ಎರಡು ಹಸಿರು ನಕ್ಷತ್ರ, ದೇಶಕ್ಕೊಂದು. ಹೊಲಿದದ್ದನ್ನು ಹೆಗಲ ಮೇಲೆ ಹೊತ್ತು ಕಾಫಿ ಅಂಗಡಿಗೆ ಹೋದ.

ಅಲ್ಲಿ ಹಿಲ್ಮಿ ಮೇಷ್ಟ್ರು ಸ್ಟೂಲಿನ ಮೇಲೆ ನಿಂತು ಭಾಷಣ ಮಾಡುತ್ತಿದ್ದರು. ಹೈಸ್ಕೂಲಿನ ಚರಿತ್ರೆ ಮೇಷ್ಟ್ರು, ಪಾರ್ಟಿಯ ಮನುಷ್ಯ, ಮಾತಿಗೆ ಕುಳಿತರೆ ಕಾಫಿ ಆರಿ ತಣ್ಣಗಾಗುವಂಥ ಗಂಟಲು. ಬಾವುಟ ನೋಡಿದವರೇ ಭಾಷಣ ನಿಲ್ಲಿಸಿ, ಊರ ರೂಢಿಯಂತೆ ಮಗನ ಹೆಸರು ಹಿಡಿದು ಕರೆದು, “ಅಬು ಯಾರುಬ್, ನಿನ್ನ ಹೊಲಿಗೆ ನಿಲ್ಲುತ್ತೇನಪ್ಪಾ? ಎರಡು ಮಳೆಗೇ ನಕ್ಷತ್ರ ಉದುರಿಹೋಗಲ್ಲ ತಾನೆ?” ಎಂದರು. ಅಂಗಡಿಯೆಲ್ಲ ನಕ್ಕಿತು. ಸುಬ್ಹಿಯ ಕಿವಿ ಕೆಂಪಾಯಿತು. ಬಾವುಟದ ಮೇಲೆ ಅಂಗೈ ಊರಿ ಅವನು ಹೇಳಿದ: “ಈ ಎರಡು ನಕ್ಷತ್ರ ಈ ಬಟ್ಟೆಯಿಂದ ಎಂದಾದ್ರೂ ಇಳಿದ್ರೆ ನನ್ನ ಹೆಂಡ್ತಿಗೆ ತಲಾಖ್. ಮೂರು ತಲಾಖ್.”

ಆ ಊರಲ್ಲಿ ಇದು ಹೊಸ ಮಾತಲ್ಲ. ಟೊಮ್ಯಾಟೊ ಮಾರುವವನೂ ತಲಾಖಿನ ಆಣೆ ಹಾಕುತ್ತಾನೆ, ಇನ್ನೊಂದು ತಟ್ಟೆ ಉಣ್ಣದೆ ಎದ್ದರೆ ತಲಾಖ್ ಎಂದು ನೆಂಟನನ್ನು ಹೆದರಿಸುತ್ತಾರೆ. ಹೆಂಡಂದಿರ ಬಾಳು ಗಂಡಸರ ಎಂಜಲಿನ ಜೊತೆ ದಿನವೂ ಉಗುಳಿ ಹೋಗುತ್ತಿರುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಮೇಷ್ಟ್ರು ಸುಬ್ಹಿಯನ್ನು ಸ್ಟೂಲು ಹತ್ತಿಸಿ, ಅದೇ ಮಾತನ್ನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿಸಿದರು. ಜನ ಚಪ್ಪಾಳೆ ತಟ್ಟಿದರು. ಹೀಗೆ ಎತ್ತಿ ನಿಲ್ಲಿಸಿದ ಮಾತು ಮತ್ತೆ ನೆಲಕ್ಕೆ ಇಳಿಯಲಿಲ್ಲ.

ಮನೆಗೆ ಸುದ್ದಿ ಅವನಿಗಿಂತ ಮೊದಲೇ ಬಂತು, ಹಾಲಿನವಳ ಬಾಯಿಂದ. ಸಂಜೆ ಬಹೀಜಾ ಕೇಳಿದಳು: “ಅಂಗಡಿ ಇತ್ತು, ಹತ್ತಿ ಎಕ್ಕೋ ಬಿಲ್ಲಿತ್ತು. ಪಣಕ್ಕೆ ಇಡೋಕೆ ನಾನೇ ಸಿಕ್ಕಿದ್ನಾ ನಿಮಗೆ?”

ಅವನು ನಕ್ಕುಬಿಟ್ಟ. ಇರುವುದರಲ್ಲಿ ದೊಡ್ಡದನ್ನೇ ಇಡಬೇಕಲ್ಲವೆ, ಇವಳಿಗಿಂತ ದೊಡ್ಡದು ತನ್ನ ಹತ್ತಿರ ಏನಿದೆ ಎಂದ. ಮುರಿಯುವ ಮಾತೇ ಇಲ್ಲದ ಮೇಲೆ ಹೆದರಿಕೆ ಯಾತಕ್ಕೆ ಎಂದ. ಅವಳಿಗೆ ಆಗ ಒಂದಿಷ್ಟು ಹೆಮ್ಮೆಯೂ ಆಯಿತು. ಆ ಹೆಮ್ಮೆಯನ್ನು ನೆನೆದು ಮುಂದೆ ಎಷ್ಟು ಸಲ ತನ್ನ ತುಟಿ ಕಚ್ಚಿಕೊಂಡಳೋ.

ಅಂದಿನಿಂದ ಕೇರಿಯಲ್ಲಿ ದೇಶದ ಚಿಂತೆ ಹಚ್ಚಿಕೊಂಡ ಹೆಂಗಸೆಂದರೆ ಅವಳೊಬ್ಬಳೇ. ಉಳಿದವರು ಹಾಡಿಗೆ ರೇಡಿಯೊ ಹಾಕಿದರೆ ಇವಳು ವಾರ್ತೆಗೆ ಹಾಕುತ್ತಿದ್ದಳು. ವರ್ಷ ಕಳೆದಂತೆ ಕಾಫಿ ಅಂಗಡಿಯ ಮಾತು ಮೆತ್ತಗಾಯಿತು. ಆಯಕಟ್ಟಿನ ಜಾಗಗಳಲ್ಲೆಲ್ಲ ಕೈರೋದಿಂದ ಬಂದ ಸಾಹೇಬರು ಕೂತರು. ಪಾರ್ಟಿಗಳನ್ನೆಲ್ಲ ಮುಚ್ಚಿಸಿದರು. ಪಕ್ಕದ ಮೇಜಿನವನು ಪೊಲೀಸರ ಕಿವಿಯೋ ಏನೋ ಎಂದು ಜನ ಗ್ಲಾಸಿನೊಳಗೆ ಮಾತಾಡತೊಡಗಿದರು. ಸಕ್ಕರೆ ತುಟ್ಟಿಯಾಗಿ ಹೆಂಗಸರು ಈ ಒಕ್ಕೂಟಕ್ಕೆ ಮಣ್ಣು ಹಾಕ ಎಂದು ಶಪಿಸಿದರೆ ಬಹೀಜಾ, ಹಾಗನ್ನಬೇಡ್ರೇ, ನಿಮಗೆ ಕೈ ಮುಗಿಯುತ್ತೇನೆ ಎನ್ನುತ್ತಿದ್ದಳು. ಅವಳಿಗೆ ಒಕ್ಕೂಟವೆಂದರೆ ನೈಲ್ ನದಿಯಲ್ಲ, ಅಧ್ಯಕ್ಷ ನಾಸರನ ಭಾಷಣವಲ್ಲ. ಅವಳಿಗೆ ಅದು ಮಗ ಯಾರುಬ್. ಏಳು ದಾಟಿದ ಗಂಡುಹುಡುಗ ತಲಾಖ್ ಆದರೆ ಅಪ್ಪನ ಪಾಲು ಎಂಬುದು ಕಾನೂನು, ಯಾರುಬನಿಗೆ ಆಗಲೇ ಎಂಟು ತುಂಬಿತ್ತು. ಇನ್ನೊಂದು ಮಗು ಅವಳಿಗೆ ನಿಲ್ಲಲೇ ಇಲ್ಲ.

ಸೆಪ್ಟೆಂಬರ್ ಕೊನೆಯ ಆ ಗುರುವಾರ ಬೆಳಿಗ್ಗೆ ಡಮಾಸ್ಕಸ್ ರೇಡಿಯೊದಲ್ಲಿ ಮಿಲಿಟರಿ ಕವಾಯತಿನ ವಾದ್ಯ ಶುರುವಾಯಿತು. ಅದರ ಹಿಂದೆಯೇ ಪ್ರಕಟಣೆ: ಸೈನ್ಯ ದಂಗೆ ಎದ್ದಿದೆ, ಸಿರಿಯಾ ಈಜಿಪ್ಟಿನ ಹಿಡಿತದಿಂದ ಹೊರಬರುತ್ತಿದೆ. ಸುಬ್ಹಿ ಅಂಗಡಿ ಮುಚ್ಚಿ ಓಡಿ ಬಂದು ರೇಡಿಯೊ ಮುಂದೆ ಕುಕ್ಕರಿಸಿದ. ಬಹೀಜಾಳ ಅಣ್ಣ ಬಕ್ರಿಯೂ ಬಂದ. ಸಾಬೂನು ಬೇಯಿಸುವವನು, ಕೈಯಲ್ಲಿ ಸದಾ ಲಾರೆಲ್ ಎಣ್ಣೆಯ ವಾಸನೆ. ಅವನು ರೇಡಿಯೊ ನೋಡಲಿಲ್ಲ, ತಂಗಿಯನ್ನು ನೋಡಿದ. ತಲೆ ಮುಚ್ಚಿಕೊಂಡು ಈ ಕಡೆ ಬಾ, ಅವನೀಗ ನಿನಗೆ ಪರಗಂಡಸು ಎಂದ. ಹತ್ತು ವರ್ಷ ಒಂದೇ ಗಾದಿಯಲ್ಲಿ ಮಲಗಿದವನ ಎದುರು ಬಹೀಜಾ ತಲೆಗೆ ಬಟ್ಟೆ ಸುತ್ತಿಕೊಂಡು ಪರದೆಯ ಹಿಂದೆ ಹೋಗಿ ಕೂತಳು. ಯಾರುಬ್ ಇದು ಯಾವ ಆಟವೆಂದು ತಿಳಿಯದೆ ಪರದೆಯ ಎರಡೂ ಕಡೆ ಓಡಾಡಿದ.

ಮಧ್ಯಾಹ್ನ ಒಂಬತ್ತನೆಯ ಪ್ರಕಟಣೆ ಬಂತು. ಮಾತುಕತೆಯಾಗಿದೆ, ತಪ್ಪುಗಳನ್ನು ಸರಿಪಡಿಸಲಾಗುವುದು, ಒಕ್ಕೂಟ ಉಳಿಯುತ್ತದೆ. ಸುಬ್ಹಿ ಗೋಡೆಗೆ ಹಣೆ ಒತ್ತಿ ಅತ್ತ. “ಬಾರೇ ಬಹೀಜಾ, ಬಟ್ಟೆ ತೆಗಿ” ಎಂದ. ಬಕ್ರಿ ಗೊಣಗಿಕೊಂಡು ಎದ್ದುಹೋದ. ಅವಳು ತಲೆಯ ಬಟ್ಟೆ ತೆಗೆದು ಬದನೆಕಾಯಿ ಬಡಿಸಿದಳು. ಮೂವರೂ ಒಂದೇ ತಟ್ಟೆಯಲ್ಲಿ ಉಂಡರು. ಸುಬ್ಹಿ ತನ್ನ ಕೈಯಿಂದ ಅವಳ ಬಾಯಿಗೆ ತುತ್ತಿಟ್ಟ, ಮಗನ ಎದುರಿಗೇ.

ಸಂಜೆ ಅವಳು ತಟ್ಟೆ ತೊಳೆಯುತ್ತಿದ್ದಾಗ ಹತ್ತನೆಯದು ಬಂತು. ಒಂಬತ್ತನೆಯ ಪ್ರಕಟಣೆ ರದ್ದು. ಮಾತು ಮುರಿದಿದೆ. ರೇಡಿಯೊದವನ ದನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲ. ಬೆಳಿಗ್ಗೆ ಕಿತ್ತುಕೊಂಡದ್ದನ್ನು ಮಧ್ಯಾಹ್ನ ಕೊಟ್ಟು ಸಂಜೆ ಮತ್ತೆ ಕಿತ್ತುಕೊಂಡದ್ದನ್ನು ಹವಾಮಾನ ಓದಿದ ಹಾಗೆ ಓದಿದ. ಬಹೀಜಾ ಒದ್ದೆ ಕೈಯಲ್ಲೇ ತಲೆಯ ಬಟ್ಟೆ ಹುಡುಕಿದಳು. ಹಿಂದೆ ತಿರುಗಿ ನೋಡಿದರೆ ಸುಬ್ಹಿ ರೇಡಿಯೊದ ಗುಂಡಿ ತಿರುಗಿಸುತ್ತಿದ್ದ. ಇನ್ನೊಂದು ಸ್ಟೇಷನ್ನಿನಲ್ಲಿ ಬೇರೆ ಸುದ್ದಿ ಇದ್ದೀತೆಂದು ತಿರುಗಿಸುತ್ತಲೇ ಇದ್ದ.

ಮರುದಿನ ಪೊಲೀಸ್ ಠಾಣೆಯ ಮೇಲೆ ಒಕ್ಕೂಟಕ್ಕೆ ಮೊದಲಿನ ಹಳೆಯ ಹಸಿರು ಬಾವುಟ ಏರಿತು. ಗಂಡ, ಹೆಂಡತಿ, ಬಕ್ರಿ ಮೂವರೂ ಕೇರಿಯ ಮಸೀದಿಯ ಶೇಖ್ ಅತಾಉಲ್ಲಾರ ಹತ್ತಿರ ಕೇಳಲು ಹೋದರು. ಕೆಟ್ಟ ಮನುಷ್ಯರಲ್ಲ ಅವರು, ಕಣ್ಣಲ್ಲಿ ನೀರಿತ್ತು. ಆಡಿದ ಮಾತನ್ನು ಅಕ್ಷರಶಃ ಹೇಳಿಸಿದರು, ನಕ್ಷತ್ರ ಇಳಿಯಿತೆ ಎಂದು ಕೇಳಿದರು, ಇಳಿಯಿತು ಎಂದ ಮೇಲೆ ತಲೆಯಾಡಿಸಿದರು. ಮೂರೂ ಬಿದ್ದಿವೆ, ಇನ್ನು ಇವಳು ಇನ್ನೊಬ್ಬನನ್ನು ಮದುವೆಯಾಗಿ, ಅವನಿಂದಲೂ ತಲಾಖ್ ಆಗಿ ಬರದೆ ನಿನಗೆ ದಕ್ಕುವುದಿಲ್ಲ ಎಂದರು. ಬಕ್ರಿ ತಂಗಿಯನ್ನು ತನ್ನ ಮನೆಗೆ ಕರೆದೊಯ್ದ. ಯಾರುಬ್ ಬಾಗಿಲ ತನಕ ಬಂದು, ಸಂಜೆ ಬರ್ತೀಯಾ ಎಂದು ಕೇಳಿದ.

ಆದರೆ ಬಕ್ರಿಗೆ ಅವನ ಸಾಬೂನಿನ ಅಂಗಡಿಗೆ ಬರುವ ವಕೀಲನೊಬ್ಬ ಒಂದು ದಾರಿ ತೋರಿಸಿದ. ಸರ್ಕಾರದ ಷರಿಯತ್ ಕೋರ್ಟಿನ ಕಾನೂನು ಶೇಖರಿಗಿಂತ ಮೆದು: ಗಂಡ ಬಿಡಬೇಕೆಂಬ ಮನಸ್ಸಿಲ್ಲದೆ ಬರೀ ಮಾತಿಗೆ ಒತ್ತು ಕೊಡಲು ಹಾಕಿದ ಆಣೆ ತಲಾಖ್ ಅಲ್ಲ. ಖಾಜಿಯ ಎದುರು ಸುಬ್ಹಿ ಒಂದೇ ಮಾತು ಹೇಳಿದರೆ ಸಾಕು, ನಾನು ಮನಸ್ಸಿಟ್ಟು ಹೇಳಿದ್ದಲ್ಲ ಎಂದು. ಬಹೀಜಾಳ ಎದೆಗೆ ಮತ್ತೆ ಉಸಿರು ಬಂತು.

ಸಾಕ್ಷಿಗೆಂದು ಅವಳು ಹಿಲ್ಮಿ ಮೇಷ್ಟ್ರ ಮನೆಗೆ ಹೋದಳು. ಸ್ಟೂಲು ಹತ್ತಿಸಿದವರು ನೀವೇ, ಅದು ತಮಾಷೆಯಾಗಿತ್ತೆಂದು ಬಂದು ಹೇಳಿ ಎಂದಳು. ಮೇಷ್ಟ್ರು ಆಗಲೇ ಬದಲಾಗಿದ್ದರು. ಅವರ ಪಾರ್ಟಿಯ ದೊಡ್ಡವರೇ ಒಕ್ಕೂಟ ಮುರಿದದ್ದಕ್ಕೆ ರುಜು ಹಾಕಿದ್ದರು, ಇವರು ಅದಕ್ಕೆ ತಿದ್ದುಪಡಿ ಎಂದು ಹೊಸ ಹೆಸರಿಟ್ಟಿದ್ದರು. “ಅಕ್ಕಾ, ಅದು ಆ ಚಾರಿತ್ರಿಕ ಘಟ್ಟದ ಮಾತು. ಈಗ ಘಟ್ಟವೇ ಬೇರೆ” ಎಂದರು. ಅವರ ಹೆಂಡತಿ ಒಳಗಿನಿಂದ ಕಾಫಿ ಕಳಿಸಿದಳು. ಆ ಹೆಂಡತಿಗೆ ಯಾವ ಘಟ್ಟವೂ ಏನೂ ಮಾಡಿರಲಿಲ್ಲ. ಭಾಷಣ ಮಾಡಿದವರದು ಏನೂ ಹೋಗುವುದಿಲ್ಲ ಎಂಬುದನ್ನು ಬಹೀಜಾ ಆ ಕಾಫಿ ಕುಡಿಯುತ್ತ ಕಲಿತಳು.

ಕಾಫಿ ಅಂಗಡಿಯ ಉಳಿದವರು ಮೇಷ್ಟ್ರ ಹಾಗೆ ತಿರುಗಿರಲಿಲ್ಲ. ಅವರು ಇನ್ನೂ ಕೈರೋ ರೇಡಿಯೊ ಕೇಳುತ್ತಿದ್ದರು, ಇನ್ನೂ ಹಲ್ಲು ಕಡಿಯುತ್ತಿದ್ದರು. ಅದೇ ದೊಡ್ಡ ಕಂಟಕವಾಯಿತು. ಸುಬ್ಹಿ ಕೋರ್ಟಿಗೆ ಹೋಗುತ್ತಾನೆಂದು ತಿಳಿದು ಅವನನ್ನು ಸುತ್ತುಗಟ್ಟಿದರು. ಆ ದ್ರೋಹಿಗಳ ಬಾವುಟದ ಕೆಳಗೆ ನಿಂತು, ನಾನು ಮನಸ್ಸಿಟ್ಟು ಹೇಳಿರಲಿಲ್ಲ ಎಂದು ಹೇಳುತ್ತೀಯಾ? ಅವರಿಗೆ ಬೇಕಾದದ್ದೂ ಅದೇ ತಾನೆ, ಒಕ್ಕೂಟವನ್ನು ಯಾರೂ ಮನಸ್ಸಿಟ್ಟು ನಂಬಿರಲಿಲ್ಲ ಅನ್ನುವುದು? ಒಬ್ಬನಂತೂ, ಹೆಂಡ್ತಿ ಸೆರಗಿಗೆ ದೇಶ ಒರೆಸ್ಕೊಂಡ ಎಂದು ಕಿಚಾಯಿಸಿದ.

ಕೋರ್ಟಿನ ದಿನ ಬೆಳಿಗ್ಗೆ ಬಹೀಜಾ ಮೆಟ್ಟಿಲ ಬುಡದಲ್ಲಿ ಅವನಿಗೆ ಎದುರಾದಳು. “ಒಂದೇ ಮಾತು ಅಬು ಯಾರುಬ್. ಸುಳ್ಳಾದ್ರೆ ಸುಳ್ಳು, ಆ ಪಾಪ ನನಗಿರ್ಲಿ” ಎಂದಳು. ಅವನು ಹೂಂ ಎಂದ. ಅವಳ ಕಡೆ ನೋಡಿಯೇ ಹೂಂ ಎಂದ, ಅದನ್ನು ಅವಳು ಮರೆಯುವುದಿಲ್ಲ.

ಖಾಜಿ ವಯಸ್ಸಾದವರು, ದಿನವೂ ಇಂಥ ಹತ್ತು ಆಣೆ ಬಿಡಿಸುವವರು. ಅವರಿಗೂ ಬೇಗ ಮುಗಿಸಿ ಈ ಹೆಂಗಸನ್ನು ಮನೆಗೆ ಕಳಿಸುವ ಮನಸ್ಸಿತ್ತು. ಅದಕ್ಕೇ ಉತ್ತರವನ್ನು ತಾವೇ ಸುಬ್ಹಿಯ ಬಾಯಿಗಿಟ್ಟರು. “ಆಗ ಎಲ್ಲರಿಗೂ ಒಂಥರಾ ಅಮಲಿತ್ತು. ನೀನೂ ಆ ಅಮಲಲ್ಲಿ ಅಂದದ್ದು, ಮನಸ್ಸಿಂದ ಅಲ್ಲ. ಅಷ್ಟೇ ತಾನೇನಪ್ಪಾ?”

ಸುಬ್ಹಿ ಬಾಯಿ ತೆರೆದ. ಖಾಜಿಯ ತಲೆಯ ಮೇಲೆ ಹೊಸದಾಗಿ ಹಾಕಿದ ಹಸಿರು ಬಾವುಟ ನೇತಾಡುತ್ತಿತ್ತು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಬಾಗಿಲಲ್ಲಿ ಕಾಫಿ ಅಂಗಡಿಯ ನಾಲ್ಕು ಜನ ನಿಂತಿದ್ದರು. ಅಮಲು ಎಂಬ ಮಾತು ಅವನಿಗೆ ಎಲ್ಲಿ ತಾಗಿತೋ. ಅವನ ಬದುಕಿನಲ್ಲಿ ಗಾದಿಯ ಹತ್ತಿಗಿಂತ ದೊಡ್ಡದೆಂದು ಅವನು ಮುಟ್ಟಿದ್ದು ಅದೊಂದನ್ನೇ, ಅದನ್ನೂ ಅಮಲು ಅಂದುಬಿಟ್ಟರು.

“ಮನಸ್ಸಿಂದಲೇ ಅಂದದ್ದು ಸ್ವಾಮಿ” ಎಂದ. “ದೇವರಾಣೆ, ಮನಸ್ಸಿಂದಲೇ.”

ಬಹೀಜಾ ಕೂತಲ್ಲಿಂದ ಎದ್ದಳು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತಳು. ಬಾಗಿಲಲ್ಲಿದ್ದವರಲ್ಲಿ ಒಬ್ಬ ಸುಬ್ಹಿಯ ಬೆನ್ನು ತಟ್ಟಿದ.

ಖಾಜಿ ಆದಷ್ಟು ಹಗುರ ಮಾಡಿದರು. ಮೂರೆಂದರೂ ಕಾನೂನಿನಲ್ಲಿ ಅದು ಒಂದೇ ತಲಾಖ್. ಇದ್ದತ್ ಮುಗಿಯುವ ತನಕ, ಅಂದರೆ ಹೆಂಗಸಿಗೆ ಮೂರು ಸಲ ಮುಟ್ಟಾಗಿ ಕಳೆಯುವ ತನಕ, ಗಂಡ ವಾಪಸ್ ತಗೊಂಡೆ ಎಂದು ಬಾಯಲ್ಲಿ ಹೇಳಿದರೆ ಸಾಕು, ಮದುವೆ ಉಳಿಯುತ್ತದೆ. ಕಳೆದರೆ ಹೋಯಿತು, ಆಮೇಲೆ ಅವಳ ಅಣ್ಣನ ಒಪ್ಪಿಗೆಯಿಲ್ಲದೆ ಹೊಸ ಮದುವೆಯೂ ಇಲ್ಲ. ಅಲ್ಲೇ, ಆಗಲೇ ಹೇಳಬಹುದಿತ್ತು. ಸುಬ್ಹಿ ಹೇಳಲಿಲ್ಲ. ಹೊರಗೆ ಬಂದು ಬಕ್ರಿಗೆ ಅಂದ: ಒಕ್ಕೂಟ ವಾಪಸ್ ಬರುತ್ತದೆ, ಕೈರೋ ಹಾಗೆ ಬಿಡುವುದಿಲ್ಲ, ಇನ್ನೇನು ತಿಂಗಳೊಪ್ಪತ್ತು. ನಕ್ಷತ್ರ ಏರಿದ ದಿನ ಆಣೆಯೂ ತೀರುತ್ತದೆ, ಶೇಖರೂ ಒಪ್ಪುತ್ತಾರೆ, ಅವತ್ತು ತಲೆಯೆತ್ತಿಕೊಂಡು ಬಂದು ಕರೆದೊಯ್ಯುತ್ತೇನೆ. ಬಕ್ರಿ ಅವನ ಕಾಲ ಬಳಿ ಉಗುಳಿದ.

ಹೀಗೆ ಅವನು ರೇಡಿಯೊ ಎದುರು ಕಾದ, ಇವಳು ತನ್ನ ಮೈಯ ಎದುರು ಕಾದಳು.

ಮುಟ್ಟಿನ ವಿಷಯದಲ್ಲಿ ಹೆಂಗಸು ಹೇಳಿದ್ದೇ ಮಾತು, ಯಾವ ಖಾಜಿಯೂ ಸಾಕ್ಷಿ ಕೇಳುವುದಿಲ್ಲ. ಅವಳ ಕೈಯಲ್ಲಿ ಉಳಿದಿದ್ದದ್ದು ಅದೊಂದೇ. ಎರಡು ಸಲದ್ದನ್ನು ಅತ್ತಿಗೆ ಸಬ್ರಿಯಾಗೆ ಹೇಳಿದಳು, ಮೂರನೆಯದನ್ನು ನುಂಗಿದಳು. ಇನ್ನೂ ಆಗಿಲ್ಲ, ಚಳಿಗೋ ಚಿಂತೆಗೋ ನಿಂತಿದೆ ಎಂದಳು. ಎಲ್ಲರೂ ಏಳುವ ಮೊದಲೇ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆದು, ಕಲ್ಲಿದ್ದಲಿನ ಮೂಟೆಯ ಹಿಂದೆ ಒಣಹಾಕಿದಳು. ಜನವರಿಯ ನೀರಿಗೆ ಬೆರಳು ಒಡೆದವು. ಮಗ ಶುಕ್ರವಾರ ಬರುತ್ತಿದ್ದ, ಪ್ರತಿ ಸಲ ಅಪ್ಪನ ಅಂಗಡಿಯ ಹತ್ತಿ ತಲೆಯಲ್ಲಿ ಅಂಟಿಸಿಕೊಂಡು, ಪ್ರತಿ ಸಲ ಒಂದಿಷ್ಟು ಕಡಿಮೆ ಮಾತಾಡುತ್ತ.

ಆಮೇಲೆ ರಂಜಾನ್ ಬಂತು. ಮುಟ್ಟಾದವಳು ಉಪವಾಸ ಹಿಡಿಯುವಂತಿಲ್ಲ, ನಮಾಜಿಗೆ ನಿಲ್ಲುವಂತಿಲ್ಲ. ಸುಳ್ಳು ಉಳಿಯಬೇಕಾದರೆ ಎರಡನ್ನೂ ಮಾಡಬೇಕು. ಬಹೀಜಾ ರಕ್ತ ಹೋಗುತ್ತಿದ್ದ ಮೈಯಲ್ಲೇ ಅತ್ತಿಗೆಯ ಪಕ್ಕ ಚಾಪೆಯ ಮೇಲೆ ನಿಂತಳು. ಹಣೆ ನೆಲಕ್ಕಿಟ್ಟಾಗ ಪ್ರಾರ್ಥನೆಯ ಮಾತು ಹೇಳಲು ಹೆದರಿ, ಬರೀ ತುಟಿ ಆಡಿಸಿದಳು. ದೇವರೇ, ಇದನ್ನ ನೀನು ನೋಡಬೇಡ, ಆ ಕಡೆ ತಿರುಗು ಎಂದು ಕೇಳಿಕೊಂಡಳು. ಒಂದು ದಿನವೂ ತಪ್ಪದೆ ತಿಂಗಳಿಡೀ ಉಪವಾಸ ಹಿಡಿದಳು.

ಅದರಿಂದಲೇ ಅವಳು ಸಿಕ್ಕಿಬಿದ್ದದ್ದು. ಮೂವತ್ತು ದಾಟದ ಹೆಂಗಸು ರಂಜಾನಿನಲ್ಲಿ ಒಂದು ದಿನವೂ ಬಿಡದೆ ಹಿಡಿದಳೆಂದರೆ ಗರ್ಭಿಣಿಯಾಗಿರಬೇಕು, ಇಲ್ಲ ಕಳ್ಳಿಯಾಗಿರಬೇಕು ಎಂದಳು ಸಬ್ರಿಯಾ. ಗರ್ಭಿಣಿಯಾಗಿದ್ದರೆ ಇಷ್ಟರಲ್ಲಿ ಹೊಟ್ಟೆ ಕಾಣುತ್ತಿತ್ತು. ಸಬ್ರಿಯಾಗೂ ಅವಸರವಿತ್ತು: ಇದ್ಲಿಬ್‌ನ ಎಣ್ಣೆ ವ್ಯಾಪಾರಿಯೊಬ್ಬ, ಹೆಂಡತಿ ಸತ್ತವನು, ಬಹೀಜಾಳನ್ನು ಕೇಳಿ ಕಳಿಸಿದ್ದ. ಎರಡು ಕೋಣೆಯ ಮನೆಯಲ್ಲಿ ಒಂದು ಬಾಯಿ ಕಡಿಮೆಯಾಗುತ್ತಿತ್ತು. ಹಬ್ಬದ ಮರುವಾರ ಅವಳು ವಸ್ತ್ರ ಸುತ್ತಿದ ಕುರಾನ್ ತಂದು ಬಹೀಜಾಳ ಮುಂದಿಟ್ಟಳು. “ನಿನ್ನ ಮಾತೇ ಮಾತು ಕಣಮ್ಮಾ, ನಾನ್ಯಾರು ಇಲ್ಲ ಅನ್ನೋಕೆ. ಇದರ ಮೇಲೆ ಕೈಯಿಟ್ಟು ಆಗಿಲ್ಲ ಅಂದ್ಬಿಡು, ಆ ಮನುಷ್ಯನಿಗೆ ಬರಬೇಡ ಅಂತ ಹೇಳಿ ಕಳಿಸ್ತೀನಿ.”

ಬಹೀಜಾ ಕೈ ಎತ್ತಿದಳು. ನೀರಿಗೆ ಒಡೆದ ಬೆರಳುಗಳು ವಸ್ತ್ರದ ಮೇಲೆ ಗಾಳಿಯಲ್ಲಿ ನಿಂತವು. ಮಗನನ್ನು ನೆನೆದಳು. ಎಷ್ಟು ನೆನೆದರೂ ಕೈ ಕೆಳಗಿಳಿಯಲಿಲ್ಲ. ಬಾಯಲ್ಲಿ ಎಷ್ಟು ಸುಳ್ಳನ್ನಾದರೂ ಹೇಳಿಯಾಳು, ಆಣೆ ಎಂಬುದರ ಹತ್ತಿರ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಅದು ಏನು ಮಾಡುತ್ತದೆಂದು ಕಂಡವಳು.

“ಆಗಿ ಬಹಳ ದಿನ ಆಯ್ತು ಅತ್ತಿಗೆ” ಎಂದಳು.

ಬಕ್ರಿ ಅಂದೇ ಸುಬ್ಹಿಗೆ ಹೇಳಿ ಕಳಿಸಿದ, ಇದ್ದತ್ ಮುಗಿದಿದೆ, ಇನ್ನು ನಿನಗೂ ನಮಗೂ ಏನೂ ಇಲ್ಲವೆಂದು.

ಹಬ್ಬದ ಬಟ್ಟೆ ಮಾಸುವ ಮೊದಲೇ ಅಲೆಪ್ಪೊದಲ್ಲಿ ದಂಗೆಯೆದ್ದಿತು. ಈ ಸಲ ಒಕ್ಕೂಟದ ಕಡೆಯ ಅಧಿಕಾರಿಗಳು. ಬೆಳಗಾಗುವುದರಲ್ಲಿ ಊರ ನಡುವಿನ ಕೋಟೆಯ ಮೇಲೆ ಕೆಂಪು, ಬಿಳಿ, ಕಪ್ಪು ಬಾವುಟ, ಎರಡು ಹಸಿರು ನಕ್ಷತ್ರ. ಅಲೆಪ್ಪೊ ರೇಡಿಯೊ ತಾನೇ ಒಕ್ಕೂಟ ಎಂದು ಕೂಗಿತು. ಬೀದಿ ತುಂಬ ಜನ, ಡೋಲು, ಹೆಂಗಸರ ಹರ್ಷದ ಕೇಕೆ. ಆ ಬಾವುಟ ವಾರ ತುಂಬುವ ಮೊದಲೇ ಇಳಿಯಿತು, ಡಮಾಸ್ಕಸ್‌ನಿಂದ ವಿಮಾನ ಬಂದವು, ಸೈನ್ಯ ಬಂತು. ಮರುವರ್ಷ ಇನ್ನೊಂದು ದಂಗೆಯಾಗಿ ಹಿಲ್ಮಿ ಮೇಷ್ಟ್ರ ಪಾರ್ಟಿಯೇ ಗದ್ದುಗೆ ಹತ್ತಿತು. ಮೇಷ್ಟ್ರು ಕಪ್ಪು ಕಾರಿನಲ್ಲಿ ಕೂತು ಒಕ್ಕೂಟ, ಒಕ್ಕೂಟ ಎಂದು ಮತ್ತೆ ಅದೇ ಗಂಟಲಿನಲ್ಲಿ ಭಾಷಣ ಮಾಡಿದರು, ಒಕ್ಕೂಟಕ್ಕಾಗಿ ಬೀದಿಗಿಳಿದವರನ್ನು ಅವರ ಪೊಲೀಸರೇ ಹಿಡಿದು ಒಳಗೆ ಹಾಕಿದರು. ಆದರೆ ಅದೆಲ್ಲ ಆಮೇಲಿನದು. ಆ ಬೆಳಿಗ್ಗೆ ಮಾತ್ರ ನಕ್ಷತ್ರ ನಿಜವಾಗಿಯೂ ಏರಿತ್ತು, ಸುಬ್ಹಿ ನಿಜವಾಗಿಯೂ ಓಡಿ ಬಂದ.

ಹೊಸ ಶರ್ಟು ಹಾಕಿ, ಗಡ್ಡ ಬೋಳಿಸಿಕೊಂಡು, ಮಗನ ಕೈ ಹಿಡಿದುಕೊಂಡು ಬಂದಿದ್ದ. ಯಾರುಬನ ಕೈಯಲ್ಲಿ ಕಾಗದದ ಬಾವುಟ. ಬಹೀಜಾ ತಲೆಗೆ ಬಟ್ಟೆ ಎಳೆದುಕೊಂಡು ಬಾಗಿಲು ತೆರೆದಳು. ಅವನು ಹೊಸ್ತಿಲ ಆಚೆಯೇ ನಿಂತು, ಉಸಿರು ಬಿಡುತ್ತ, “ನಿನ್ನನ್ನ ವಾಪಸ್ ತಗೊಂಡೆ” ಎಂದ. ಬಕ್ರಿ ಕಳಿಸಿದ ಸುದ್ದಿಯನ್ನು ನಂಬಿರಲಿಲ್ಲವಂತೆ. ಇವರು ಅವಳನ್ನು ಇದ್ಲಿಬ್‌ಗೆ ಮಾರಲು ಹೂಡಿದ ಆಟವೆಂದುಕೊಂಡಿದ್ದನಂತೆ.

“ಆಟ ಅಲ್ಲ, ಮುಗಿದಿದೆ. ನಾನೇ ಹೇಳಿದ್ದು” ಎಂದಳು. ಮೂರನೆಯದು ಜನವರಿಯಲ್ಲೇ ಆಗಿತ್ತು, ಮುಚ್ಚಿಟ್ಟಿದ್ದೆ, ಹಬ್ಬದ ಮರುವಾರ ಹೇಳಬೇಕಾಯಿತು ಎಂದಳು. ನಮಾಜಿನ ಮಾತು ಹೇಳಲಿಲ್ಲ, ಬೆರಳು ತೋರಿಸಲಿಲ್ಲ.

ಸುಬ್ಹಿಯ ಮುಖ ಇಳಿಯಿತು. ಬೀದಿಯ ಕಡೆ ನೋಡಿದ, ಕೋಟೆಯ ಕಡೆ ನೋಡಿದ, ಆಮೇಲೆ ಅವಳ ಮೇಲೆ ಕೋಪ ಬಂತು. ನಿಜವಾದ ಕೋಪ, ಮೋಸ ಹೋದವನ ಕೋಪ.

“ಇನ್ನೆರಡು ವಾರ ಸುಳ್ಳು ಹೇಳೋಕೆ ಆಗ್ಲಿಲ್ವಾ ನಿನಗೆ?” ಎಂದ. “ಅಷ್ಟೂ ನಂಬಿಕೆ ಇರ್ಲಿಲ್ವಾ?”

ಕೋರ್ಟಿನ ಮೆಟ್ಟಿಲ ಬುಡ ಅವಳ ನಾಲಿಗೆಯ ತನಕ ಬಂತು. ಅವನ ಹೂಂ ಬಂತು. ಇಷ್ಟು ತಿಂಗಳು ಆ ಮಾತನ್ನು ಎಷ್ಟು ಬಗೆಯಲ್ಲಿ ಜೋಡಿಸಿಟ್ಟಿದ್ದಳೋ, ಈಗ ನೋಡಿದರೆ ಹುಡುಗ ನಡುವೆ ನಿಂತಿದ್ದ. ಅವನ ಅಂಗಿಯ ಎದೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಊರಿಗೆಲ್ಲ ಗಾದಿ ಹೊಲಿಯುವವನ ಮಗ.

“ಇರು ಮಗನೇ, ಗುಂಡಿ ಹಾಕಿಕೊಡ್ತೀನಿ, ಒಂದ್ನಿಮಿಷ” ಎಂದಳು.

ಯಾರುಬ್ ಅಪ್ಪನ ಮುಖ ನೋಡಿದ. ಅಪ್ಪ ಬೀದಿಯ ಕಡೆ ತಿರುಗಿದ್ದ. ಅವಳು ಒಳಗೆ ಓಡಿ ಸಬ್ರಿಯಾಳ ಡಬ್ಬಿಯಲ್ಲಿ ಸೂಜಿ ಹುಡುಕಿದಳು. ಬಿಳಿ ದಾರ ಸಿಗಲಿಲ್ಲ, ಕಪ್ಪನ್ನೇ ತಗೊಂಡಳು. ಸೂಜಿಯ ಕಣ್ಣಿಗೆ ದಾರ ಹೋಗಲಿಲ್ಲ, ತುದಿಯನ್ನು ಬಾಯಲ್ಲಿ ತೇವ ಮಾಡಿ ಮತ್ತೆ ಹಾಕಿದಳು. ಹೊರಗೆ ಡೋಲಿನ ಸದ್ದು ಬಾಗಿಲ ಮುಂದೆಯೇ ಬಂದು, ದಾಟಿ, ಮೂಲೆ ತಿರುಗಿತು. ಅವಳು ಸೂಜಿ ಹಿಡಿದು ಬಂದಾಗ ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಬೀದಿಯ ಆ ತುದಿಯಲ್ಲಿ, ತಲೆಗಳ ಮೇಲೆ, ಅಪ್ಪನ ಹೆಗಲೇರಿ ಕೂತ ಹುಡುಗನ ಬೆನ್ನು ಕಂಡಿತು. ಬಾವುಟ ಆಡಿಸುತ್ತಿದ್ದ. ಎಲ್ಲರ ಜೊತೆ ಅವನೂ ಏನೋ ಕೂಗುತ್ತಿದ್ದ, ಅದರಲ್ಲಿ ಅವನ ದನಿ ಯಾವುದೆಂದು ಅವಳಿಗೆ ತಿಳಿಯಲಿಲ್ಲ.